ಗೇಮಿನ ಫೈಟರ್ ವಿಮಾನ ಎಷ್ಟು ನಿಜ?

2025ರ ಮೇ ತಿಂಗಳಲ್ಲಿ ಭಾರತ–ಪಾಕಿಸ್ತಾನದ ನಡುವೆ ನಾಲ್ಕು ದಿನ ಸಂಘರ್ಷ ನಡೆದಾಗ ನಮ್ಮ ಕಡೆಯ ವಾಟ್ಸ್ಆ್ಯಪ್ ಗ್ರೂಪುಗಳಿಗೆ ಬಿಡುವೇ ಇರಲಿಲ್ಲ. ಅಡಿಕೆ ಧಾರಣೆ, ಮಳೆ ಲೆಕ್ಕ, ಮದುವೆ ಫೋಟೊ ಬರುತ್ತಿದ್ದ ಗ್ರೂಪುಗಳಲ್ಲೂ ಯುದ್ಧದ ವಿಡಿಯೊಗಳೇ. ಕಪ್ಪು ಆಕಾಶ, ಬೆಂಕಿಯ ಗೆರೆ, ಒಂದು ವಿಮಾನ, ಒಂದು ಸ್ಫೋಟ. ಹಾಗೆ ಹರಿದಾಡಿದವುಗಳಲ್ಲಿ ಕೆಲವು ವಿಡಿಯೊ ಗೇಮಿನ ದೃಶ್ಯಗಳು ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ತಂಡವೇ ಹೇಳಬೇಕಾಯಿತು.

ಅದೇ ವರ್ಷ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ವಾಯುಪಡೆ ವಿದಾಯ ಹೇಳಿತು. 1963ರಿಂದ ಸೇವೆಯಲ್ಲಿದ್ದ ವಿಮಾನ ಅದು. ಅದಾದ ಮೇಲೆ "ಮಿಗ್-21 ಓಡಿಸೋ ಗೇಮ್ ಇದೆಯಂತೆ, ಹೌದಾ?" ಎಂದು ಕೇಳುವ ಹುಡುಗರು ಜಾಸ್ತಿಯಾದರು. ಹೌದು, ಇದೆ. ಇನ್ನೊಂದು ಕಡೆ ಯೂಟ್ಯೂಬಿನಲ್ಲಿ "ಈ ವಿಮಾನಕ್ಕೆ ಆ ವಿಮಾನ ಎದುರಾದರೆ ಗೆಲ್ಲೋದು ಯಾರು" ಎಂಬ ವಿಡಿಯೊಗಳು. ಗೇಮಿನಲ್ಲಿ ಎರಡು ವಿಮಾನಗಳನ್ನು ಎದುರುಬದುರು ಬಿಟ್ಟು, ಬಂದ ಫಲಿತಾಂಶವನ್ನೇ ತೀರ್ಪು ಎಂದು ತೋರಿಸುತ್ತಾರೆ.

ಹಾಗಾಗಿ ಈ ಆಟಗಳು ಎಷ್ಟು ನಿಜ ಎಂಬ ಪ್ರಶ್ನೆ ಗೇಮ್ ಮುಟ್ಟದವರಿಗೂ ಈಗ ಬೇಕಾಗಿದೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಳ್ಳೆಯ ಸಿಮ್ಯುಲೇಟರ್ (ನಿಜವಾದ ವಿಮಾನವನ್ನು ಅನುಕರಿಸುವ ಆಟ) ಆಶ್ಚರ್ಯವಾಗುವಷ್ಟು ಚೆನ್ನಾಗಿ ಹೇಳಿಕೊಡುತ್ತದೆ. ಯುದ್ಧದಲ್ಲಿ ಯಾರು ಗೆಲ್ಲುತ್ತಾರೆ ಎಂಬುದನ್ನು ಹೇಳುವ ಶಕ್ತಿ ಅದಕ್ಕಿಲ್ಲ. ಯಾಕೆ ಅಂತ ನೋಡೋಣ.

ಎಲ್ಲ ವಿಮಾನದ ಆಟವೂ ಸಿಮ್ಯುಲೇಟರ್ ಅಲ್ಲ

ವಿಮಾನದ ಆಟಗಳಲ್ಲಿ ಒಂದು ಬಗೆ ಆರ್ಕೇಡ್. 2019ರಲ್ಲಿ ಬಂದ ಏಸ್ ಕಾಂಬ್ಯಾಟ್ 7 ಅಂಥದ್ದು. ಒಂದೇ ವಿಮಾನದಲ್ಲಿ ಡಜನ್‌ಗಟ್ಟಲೆ ಕ್ಷಿಪಣಿ, ಬಟನ್ ಒತ್ತಿದರೆ ಸಾಕು. ನಮ್ಮ ವಾಯುಪಡೆಯೇ 2019ರಲ್ಲಿ ಮೊಬೈಲಿಗೆಂದು 'ಎ ಕಟ್ ಅಬವ್' ಎಂಬ ಆಟ ಬಿಡುಗಡೆ ಮಾಡಿತು. ಅದೂ ಈ ಸಾಲಿನದೇ. ಮಜಾ ಕೊಡುವುದು ಇವುಗಳ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತವೆ.

ವಾರ್ ಥಂಡರ್ ನಡುವಿನದು. ಆಡಲು ದುಡ್ಡು ಕೊಡಬೇಕಿಲ್ಲ. ಆರ್ಕೇಡ್, ರಿಯಲಿಸ್ಟಿಕ್, ಸಿಮ್ಯುಲೇಟರ್ ಎಂದು ಮೂರು ಹಂತದಲ್ಲಿ ಆಡಬಹುದು. ಹಾರಾಟ ಸಾಕಷ್ಟು ನೈಜ. ಆದರೆ ಕಾಕ್‌ಪಿಟ್‌ನ ಸ್ವಿಚ್‌ಗಳನ್ನು ಒಂದೊಂದಾಗಿ ಮುಟ್ಟುವ ಕೆಲಸ ಇಲ್ಲ.

ಈ ಲೇಖನ ಮುಖ್ಯವಾಗಿ ಇನ್ನೊಂದು ತುದಿಯಲ್ಲಿರುವವುಗಳ ಬಗ್ಗೆ. ಡಿಸಿಎಸ್ ವರ್ಲ್ಡ್ ಅವುಗಳಲ್ಲಿ ಹೆಚ್ಚು ಹೆಸರಾದದ್ದು. ತಯಾರಿಸಿದ್ದು ಈಗಲ್ ಡೈನಾಮಿಕ್ಸ್ ಕಂಪನಿ. ಮೂಲ ಆಟ ಉಚಿತ, ಜೊತೆಗೆ ಎರಡು ವಿಮಾನವೂ ಉಚಿತ. ಉಳಿದ ಒಂದೊಂದು ವಿಮಾನಕ್ಕೂ ಬೇರೆ ಬೆಲೆ. ಅವರು ಮಾರುವ ಒಂದು ವಿಮಾನವನ್ನು 'ಮಾಡ್ಯೂಲ್' ಎನ್ನುತ್ತಾರೆ. ಇನ್ನೊಂದು ಫಾಲ್ಕನ್ ಬಿಎಂಎಸ್. 1998ರ ಕೊನೆಯಲ್ಲಿ ಬಂದ ಫಾಲ್ಕನ್ 4.0 ಎಂಬ ಆಟದ ಒಳಗಿನ ಕೋಡ್ 2000ದಲ್ಲಿ ಸೋರಿಹೋಯಿತು. ಅಂದಿನಿಂದ ಅಭಿಮಾನಿಗಳೇ ಅದನ್ನು ರಿಪೇರಿ ಮಾಡುತ್ತ, ಬೆಳೆಸುತ್ತ ಬಂದಿದ್ದಾರೆ. ಕಂಪನಿ ಕೈಬಿಟ್ಟ ಆಟವನ್ನು ಸಂಬಳವಿಲ್ಲದೆ ಎರಡು ದಶಕ ಸಾಕಿದವರು ಅವರು. ನನಗೆ ಅವರ ಬಗ್ಗೆ ತುಂಬ ಗೌರವ. ಎರಡನೇ ಮಹಾಯುದ್ಧದ ವಿಮಾನಗಳು ಬೇಕೆಂದರೆ ಐಎಲ್-2 ಸರಣಿ ಇದೆ.

ಹಾರುವುದನ್ನು ಕಂಪ್ಯೂಟರ್ ಹೇಗೆ ಲೆಕ್ಕ ಹಾಕುತ್ತದೆ?

ವಿಮಾನದ ಮೇಲೆ ನಾಲ್ಕು ಬಲಗಳು ಕೆಲಸ ಮಾಡುತ್ತವೆ. ರೆಕ್ಕೆ ಮೇಲಕ್ಕೆ ಎತ್ತುತ್ತದೆ. ತೂಕ ಕೆಳಗೆ ಎಳೆಯುತ್ತದೆ. ಎಂಜಿನ್ ಮುಂದಕ್ಕೆ ತಳ್ಳುತ್ತದೆ. ಗಾಳಿ ಹಿಂದಕ್ಕೆ ತಡೆಯುತ್ತದೆ. ಈ ನಾಲ್ಕರ ಲೆಕ್ಕವನ್ನು ಸಿಮ್ಯುಲೇಟರ್ ಒಂದೊಂದು ಸೆಕೆಂಡಿಗೂ ಎಷ್ಟೋ ಸಲ ಹೊಸದಾಗಿ ಮಾಡುತ್ತದೆ. ಪ್ರತಿ ಸಲವೂ ವಿಮಾನವನ್ನು ಒಂದಿಷ್ಟು ಮುಂದಕ್ಕೆ ಸರಿಸುತ್ತದೆ. ಈ ಲೆಕ್ಕದ ಕಟ್ಟಿಗೆ 'ಫ್ಲೈಟ್ ಮಾಡೆಲ್' ಎಂದು ಹೆಸರು.

ಲೆಕ್ಕಕ್ಕೆ ಅಂಕಿ ಬೇಕಲ್ವಾ? ರೆಕ್ಕೆ ಗಾಳಿಗೆ ಇಷ್ಟು ಡಿಗ್ರಿ ಓರೆಯಾದರೆ ಎಷ್ಟು ಎತ್ತುತ್ತದೆ, ಎಷ್ಟು ತಡೆ ಕೊಡುತ್ತದೆ ಎಂಬ ಪಟ್ಟಿಗಳು ಬೇಕು. ಕೆಲವು ವಿಮಾನಗಳ ಪಟ್ಟಿ ಬಹಿರಂಗವಾಗಿಯೇ ಸಿಗುತ್ತದೆ. ಎಫ್-16 ಎಂಬ ಫೈಟರ್ ವಿಮಾನದ ಮಾದರಿಯನ್ನು ಗಾಳಿ ಸುರಂಗದಲ್ಲಿಟ್ಟು ಪಡೆದ ಅಂಕಿಗಳ ವರದಿಯೊಂದನ್ನು ಅಮೆರಿಕದ ನಾಸಾ 1979ರಲ್ಲೇ ಪ್ರಕಟಿಸಿತು. ಕಾಲೇಜು ಹುಡುಗರೂ ಅದನ್ನಿಟ್ಟುಕೊಂಡು ಎಫ್-16ರ ಹಾರಾಟ ಲೆಕ್ಕ ಹಾಕಬಹುದು, ಹಾಕಿದ್ದಾರೆ ಕೂಡ. ಹಳೆಯ ವಿಮಾನಗಳ ಪೈಲಟ್ ಕೈಪಿಡಿಗಳೂ ಸಿಗುತ್ತವೆ. ಇಷ್ಟು ಎತ್ತರದಲ್ಲಿ, ಇಷ್ಟು ತೂಕದಲ್ಲಿ, ಇಷ್ಟು ವೇಗಕ್ಕೆ ಎಷ್ಟು ಬಿಗಿಯಾಗಿ ತಿರುಗಬಹುದು ಎಂಬ ನಕ್ಷೆಗಳು ಅವುಗಳಲ್ಲಿರುತ್ತವೆ. ಗೇಮಿನ ವಿಮಾನವನ್ನು ಆ ನಕ್ಷೆಯ ಪಕ್ಕದಲ್ಲಿಟ್ಟು ಪರೀಕ್ಷೆ ಮಾಡಬಹುದು. ಒಳ್ಳೆಯ ಸಿಮ್ಯುಲೇಟರ್ ಈ ಪರೀಕ್ಷೆಯಲ್ಲಿ ನಿಜಕ್ಕೆ ತೀರ ಹತ್ತಿರ ಬರುತ್ತದೆ. ಇದು ಇವುಗಳ ಮೊದಲ ಬಲ.

ಇದರಿಂದ ಕಲಿಯುವ ದೊಡ್ಡ ಪಾಠವೆಂದರೆ ಶಕ್ತಿಯ ಲೆಕ್ಕ. ಆಗುಂಬೆ ಘಾಟಿಯನ್ನು ನೆನಪಿಸಿಕೊಳ್ಳಿ. ಸೋಮೇಶ್ವರದ ಕಡೆಯಿಂದ ಹತ್ತುವ ಮಿನಿ ಬಸ್ಸು ಪ್ರತಿ ಹೇರ್‌ಪಿನ್ ತಿರುವಿನಲ್ಲೂ ವೇಗ ಕಳೆದುಕೊಳ್ಳುತ್ತದೆ. ತಿರುವು ದಾಟಿದ ಮೇಲೆ ಎಂಜಿನ್ ಮತ್ತೆ ದುಡಿದು ವೇಗ ಕೂಡಿಸಬೇಕು. ಇಳಿಯುವ ಬಸ್ಸಿಗೆ ಆ ಕಷ್ಟ ಇಲ್ಲ. ಅದು ಇಳಿದಷ್ಟೂ ಎತ್ತರವೇ ವೇಗವಾಗಿ ಬದಲಾಗುತ್ತದೆ. ಫೈಟರ್ ವಿಮಾನದ ಕಾದಾಟವೂ ಇದೇ ಲೆಕ್ಕದ ಮೇಲೆ ನಿಂತಿದೆ. ಬಿಗಿಯಾಗಿ ತಿರುಗಿದರೆ ವೇಗ ಖರ್ಚು. ಮೇಲೆ ಹತ್ತಿದರೆ ವೇಗ ಖರ್ಚು, ಆದರೆ ಅದು ಎತ್ತರವಾಗಿ ಕೈಯಲ್ಲಿ ಉಳಿಯುತ್ತದೆ. ಹೊಸಬರು ವಿಮಾನ ತಿರುಗಿಸುವ ಕಡ್ಡಿಯನ್ನು ಹೊಟ್ಟೆಗೆ ಎಳೆದುಕೊಂಡು ತಿರುಗುತ್ತಲೇ ಇರುತ್ತಾರೆ. ಅರ್ಧ ನಿಮಿಷದಲ್ಲಿ ವೇಗವೂ ಇಲ್ಲ, ಎತ್ತರವೂ ಇಲ್ಲ. ಪುಸ್ತಕದಲ್ಲಿ ಓದಿದಾಗ ತಲೆಗೆ ಹೋಗದ ಈ ವಿಷಯ ಸಿಮ್ಯುಲೇಟರ್‌ನಲ್ಲಿ ಒಂದು ಸಂಜೆಗೆ ಅರ್ಥವಾಗುತ್ತದೆ.

ಅಂಕಿಗಳ ಪಟ್ಟಿ ಮುಗಿಯುವಲ್ಲಿ ಮಾತ್ರ ಸಿಮ್ಯುಲೇಟರ್ ತಡವರಿಸುತ್ತದೆ. ರೆಕ್ಕೆಯ ಮೇಲಿನ ಗಾಳಿಯ ಹರಿವು ಕಿತ್ತುಹೋಗಿ ವಿಮಾನ ಬುಗುರಿಯಂತೆ ಸುತ್ತುತ್ತ ಬೀಳುವಾಗ, ಅಥವಾ ರೆಕ್ಕೆಯ ಒಂದು ಭಾಗ ಹಾರಿಹೋದಾಗ ಏನಾಗುತ್ತದೆ? ಇದಕ್ಕೆ ನಿಜವಾದ ಅಳತೆಗಳು ಕಡಿಮೆ. ಅಲ್ಲಿ ತಯಾರಕರ ಅಂದಾಜೇ ಜಾಸ್ತಿ.

ಒಂದು ಎಂಜಿನ್ ಚಾಲೂ ಆಗುವುದನ್ನು ನೋಡಿ

ಡಿಸಿಎಸ್‌ನ ಎಫ್-16ರಲ್ಲಿ ಎಲ್ಲವೂ ಆರಿಹೋದ ಸ್ಥಿತಿಯಿಂದ ಶುರು ಮಾಡೋಣ. ಕಾಕ್‌ಪಿಟ್ ಕತ್ತಲೆ. ಎಡಬದಿಯ ಮುಖ್ಯ ಪವರ್ ಸ್ವಿಚ್ಚನ್ನು ಮೊದಲು ಬ್ಯಾಟರಿಗೆ, ಆಮೇಲೆ ಮೇನ್‌ಗೆ ತಿರುಗಿಸಬೇಕು. ಕೆಲವು ದೀಪಗಳು ಹತ್ತುತ್ತವೆ. ದೊಡ್ಡ ಎಂಜಿನ್ನನ್ನು ನೇರವಾಗಿ ತಿರುಗಿಸಲು ಬ್ಯಾಟರಿಗೆ ಶಕ್ತಿ ಸಾಲದು. ಅದಕ್ಕೆಂದೇ ಜೆಎಫ್ಎಸ್ ಎಂಬ ಪುಟ್ಟ ಜೆಟ್ ಎಂಜಿನ್ ಒಳಗಿದೆ. ಅದರ ಸ್ವಿಚ್ಚನ್ನು 'ಸ್ಟಾರ್ಟ್ 2'ಕ್ಕೆ ಒತ್ತಿದರೆ ಕೀರಲು ಸದ್ದು ಏರುತ್ತದೆ. ಎಂಜಿನ್ ವೇಗದ ಮುಳ್ಳು ನಿಧಾನಕ್ಕೆ ಮೇಲೆ ಬರುತ್ತದೆ. ಅದು 20 ಶೇಕಡಾ ತಲುಪಿದ ಮೇಲೆ ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿಕೆಯನ್ನು, ಅಂದರೆ ಥ್ರಾಟಲನ್ನು, ಐಡಲ್ ಎಂಬ ಕನಿಷ್ಠ ಶಕ್ತಿಯ ಸ್ಥಾನಕ್ಕೆ ತಳ್ಳಬೇಕು. ಆಗ ಇಂಧನ ಒಳಗೆ ಹೋಗಿ ಬೆಂಕಿ ಹಿಡಿಯುತ್ತದೆ, ಸದ್ದು ದಪ್ಪವಾಗುತ್ತದೆ. ಎಂಜಿನ್ ತನ್ನ ಕಾಲ ಮೇಲೆ ನಿಂತಾಗ ಜೆಎಫ್ಎಸ್ ಸ್ವಿಚ್ಚು ತಾನೇ ಆಫ್ ಸ್ಥಾನಕ್ಕೆ ಬರುತ್ತದೆ.

ಇನ್ನೂ ಹೊರಡುವಂತಿಲ್ಲ. ಐಎನ್ಎಸ್ ಎಂಬ ದಾರಿ ಹುಡುಕುವ ಯಂತ್ರ ತಯಾರಾಗಬೇಕು. ವಿಮಾನ ಎತ್ತ ವಾಲಿತು, ಎಷ್ಟು ವೇಗ ಏರಿತು ಎಂಬುದನ್ನು ಅಳೆಯುತ್ತ ಹೋಗಿ "ನಾನೀಗ ಇಲ್ಲಿದ್ದೇನೆ" ಎಂದು ಲೆಕ್ಕ ಹಾಕುವುದು ಅದರ ಕೆಲಸ. ಲೆಕ್ಕ ಸರಿ ಬರಬೇಕಾದರೆ ಶುರುವಿನ ಜಾಗ, ದಿಕ್ಕು ಸರಿಯಾಗಿ ಗೊತ್ತಿರಬೇಕು. ಅದಕ್ಕೆ ವಿಮಾನ ಅಲ್ಲಾಡದೆ ಕೆಲವು ನಿಮಿಷ ನಿಂತಿರಬೇಕು. ಅವಸರ ಮಾಡಿ ಹೊರಟರೆ ಪರದೆಯ ಮೇಲೆ ದಾರಿ ತೋರಿಸುವ ಗುರುತುಗಳೆಲ್ಲ ಎಲ್ಲೆಲ್ಲೋ ಇರುತ್ತವೆ.

ಈ ಕ್ರಮ ನಿಜವಾದ ವಿಮಾನದ ಕ್ರಮಕ್ಕೆ ತುಂಬ ಹತ್ತಿರ. ಯಾವ ಸ್ವಿಚ್ಚು ಯಾವುದರ ಮೇಲೆ ನಿಂತಿದೆ, ಒಂದು ತಪ್ಪಿದರೆ ಮುಂದೆ ಏನು ತಪ್ಪುತ್ತದೆ ಎಂಬುದೆಲ್ಲ ಒಳಗೆ ಕಟ್ಟಿಟ್ಟಿದ್ದಾರೆ. ಡಿಸಿಎಸ್‌ನ ಎ-10ಸಿ ವಿಮಾನದ ಮೂಲವೇ ಅಮೆರಿಕದ ಮೀಸಲು ವಾಯುದಳವಾದ ಏರ್ ನ್ಯಾಷನಲ್ ಗಾರ್ಡ್‌ಗಾಗಿ ಮಾಡಿಕೊಟ್ಟ ತರಬೇತಿ ಸಾಧನ. 2011ರಲ್ಲಿ ಅದು ಸಾಮಾನ್ಯರಿಗೂ ಸಿಕ್ಕಿತು. ಅಮೆರಿಕದ ವಾಯುಪಡೆ 2018ರಿಂದ ಕಣ್ಣಿನ ಮುಂದೆಯೇ ಪರದೆ ಇರುವ ವಿಆರ್ ಕನ್ನಡಕ ಮತ್ತು ಮೇಜಿನ ಮೇಲಿನ ಕಂಪ್ಯೂಟರ್ ಬಳಸಿ ಹೊಸ ಪೈಲಟ್‌ಗಳಿಗೆ ಕಲಿಸುವ ಪ್ರಯೋಗವನ್ನೂ ಮಾಡಿದೆ. ಕ್ರಮ ಕಲಿಯುವುದಕ್ಕೆ, ಕೈ ಎಲ್ಲಿಗೆ ಹೋಗಬೇಕು ಎಂದು ಅಭ್ಯಾಸ ಮಾಡುವುದಕ್ಕೆ ಇದು ನಿಜಕ್ಕೂ ಉಪಯೋಗದ ಸಾಮಾನು.

ರೇಡಾರ್‌ಗೆ ಕಾಣದಂತೆ ತಿರುಗುವುದು

ನನಗೆ ಈ ಆಟಗಳಲ್ಲಿ ಅತಿ ಇಷ್ಟವಾದ ಭಾಗ ಇದು. ಸ್ವಲ್ಪ ನಿಧಾನವಾಗಿ ಓದಿ.

ರೇಡಾರ್ ರೇಡಿಯೊ ಅಲೆಗಳನ್ನು ಬಿಡುತ್ತದೆ. ಎದುರಿಗಿದ್ದದ್ದಕ್ಕೆ ಬಡಿದು ಅಲೆ ವಾಪಸ್ ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಎಂಬುದರಿಂದ ದೂರ ಗೊತ್ತಾಗುತ್ತದೆ. ತೊಂದರೆ ಎಂದರೆ, ಕೆಳಗೆ ನೋಡಿದಾಗ ನೆಲವೂ ಅಲೆಯನ್ನು ವಾಪಸ್ ಕಳಿಸುತ್ತದೆ. ಗುಡ್ಡ, ಕಾಡು, ಕಟ್ಟಡ ಎಲ್ಲ ಸೇರಿ ಅಷ್ಟೂ ಗದ್ದಲ. ಅದರೊಳಗೆ ಒಂದು ವಿಮಾನವನ್ನು ಹುಡುಕುವುದು ಹೇಗೆ?

ಅದಕ್ಕೆ ಡಾಪ್ಲರ್ ಎಂಬ ಗುಣ ನೆರವಾಗುತ್ತದೆ. ಹತ್ತಿರ ಬರುತ್ತಿರುವ ವಸ್ತುವಿಗೆ ಬಡಿದ ಅಲೆಯ ಆವರ್ತನ ಸ್ವಲ್ಪ ಏರುತ್ತದೆ. ದೂರ ಹೋಗುತ್ತಿದ್ದರೆ ಇಳಿಯುತ್ತದೆ. ನೆಲ ಯಾವ ವೇಗದಲ್ಲಿ ಹತ್ತಿರ ಬರುತ್ತಿದೆ ಎಂಬುದು ರೇಡಾರ್‌ಗೆ ಗೊತ್ತು, ಯಾಕೆಂದರೆ ಅದು ತನ್ನದೇ ವಿಮಾನದ ವೇಗ. ಆ ವೇಗಕ್ಕೆ ಹೊಂದುವ ಸಂಕೇತಗಳನ್ನೆಲ್ಲ "ಇದು ನೆಲ" ಎಂದು ಜರಡಿ ಹಿಡಿದು ಎಸೆದುಬಿಡುತ್ತದೆ. ಉಳಿದದ್ದು ವಿಮಾನ.

ಈಗ ಎದುರಿನ ಪೈಲಟ್ ಬುದ್ಧಿವಂತ ಎಂದುಕೊಳ್ಳಿ. ಅವನು ನಿಮ್ಮ ಕಡೆಗೂ ಬರುವುದಿಲ್ಲ, ದೂರಕ್ಕೂ ಹೋಗುವುದಿಲ್ಲ. ಸರಿಯಾಗಿ ಅಡ್ಡಲಾಗಿ ತಿರುಗಿಬಿಡುತ್ತಾನೆ. ಆಗ ಅವನ ವೇಗ ಗಂಟೆಗೆ 900 ಕಿಲೋಮೀಟರ್ ಇದ್ದರೂ ನಿಮ್ಮ ದಿಕ್ಕಿನಲ್ಲಿ ಅವನ ಚಲನೆ ಸೊನ್ನೆ. ರೇಡಾರ್‌ನ ಕಣ್ಣಿಗೆ ಅವನು ನೆಲದ ಒಂದು ತುಂಡು. ಜರಡಿ ಅವನನ್ನೂ ಎಸೆಯುತ್ತದೆ. ಪರದೆಯಿಂದ ಗುರುತು ಮಾಯ. ಆಡುವವರು ಇದನ್ನು 'ನಾಚ್' ಮಾಡುವುದು ಎನ್ನುತ್ತಾರೆ. ಡಿಸಿಎಸ್, ಫಾಲ್ಕನ್ ಬಿಎಂಎಸ್ ಎರಡರಲ್ಲೂ ಈ ಗುಣ ಇದೆ. ಪಿಯುಸಿ ಭೌತಶಾಸ್ತ್ರದ ಒಂದು ಪಾಠ ಬದುಕಿ ಉಳಿಯುವ ಉಪಾಯವಾಗುವುದನ್ನು ಕಣ್ಣಾರೆ ನೋಡುವುದು ಇಲ್ಲಿ ಸಾಧ್ಯ.

ಕ್ಷಿಪಣಿಯೂ ಹಾಗೆಯೇ. ಆಕಾಶದಿಂದ ಆಕಾಶಕ್ಕೆ ಹಾರುವ ಬಹುಪಾಲು ಕ್ಷಿಪಣಿಗಳ ರಾಕೆಟ್ ಕೆಲವೇ ಸೆಕೆಂಡು ಉರಿಯುತ್ತದೆ. ಆಮೇಲೆ ಅದು ಗಳಿಸಿದ ವೇಗದಲ್ಲೇ ತೇಲಿಕೊಂಡು ಹೋಗಬೇಕು. ಗಾಳಿ ತೆಳುವಾಗಿರುವ ಎತ್ತರದಲ್ಲಿ ದೂರ ಹೋಗುತ್ತದೆ, ಕೆಳಗೆ ಬೇಗ ಸುಸ್ತಾಗುತ್ತದೆ. "ಈ ಕ್ಷಿಪಣಿಯ ವ್ಯಾಪ್ತಿ 100 ಕಿಲೋಮೀಟರ್" ಎಂದು ಟಿವಿಯಲ್ಲಿ ಹೇಳಿದಾಗ ಯಾವ ಎತ್ತರದಿಂದ, ಎಷ್ಟು ವೇಗದಲ್ಲಿ, ಎತ್ತ ಹೋಗುತ್ತಿರುವ ಗುರಿಗೆ ಎಂದು ಕೇಳಬೇಕು. ಸಿಮ್ಯುಲೇಟರ್ ಆಡಿದವರಿಗೆ ಆ ಪ್ರಶ್ನೆ ತಾನಾಗಿ ಬರುತ್ತದೆ.

ಗುಟ್ಟಾಗಿರುವ ಅಂಕಿಗಳು

ಇಲ್ಲಿಂದ ದೌರ್ಬಲ್ಯಗಳ ಕಥೆ. ನಾಚ್ ಎಂಬ ಗುಣ ನಿಜ. ಆದರೆ ಇಂದಿನ ಒಂದು ರೇಡಾರ್‌ನಲ್ಲಿ ಆ ಜರಡಿಯ ಕಂಡಿ ಎಷ್ಟು ಅಗಲ? ಗುರುತು ಮಾಯವಾದ ಮೇಲೆ ರೇಡಾರ್ ಎಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ? ಎದುರಿನ ವಿಮಾನ ರೇಡಾರ್‌ಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ? ಇವೆಲ್ಲ ಸೇನೆಗಳ ಗುಟ್ಟು. ಯಾವ ಗೇಮ್ ಕಂಪನಿಗೂ ಕೊಡುವುದಿಲ್ಲ.

ಅದರಿಂದಲೇ ಗೇಮಿನ "ಆಧುನಿಕ" ವಿಮಾನಗಳು ಅಷ್ಟೇನೂ ಹೊಸದಲ್ಲ. ಡಿಸಿಎಸ್ ತೋರಿಸುವ ಎಫ್-16 ಸುಮಾರು 2007ರಲ್ಲಿ ಅಮೆರಿಕದ ವಾಯುಪಡೆಯಲ್ಲಿದ್ದ ರೂಪ. ರಫೇಲ್, ಸುಖೋಯ್-30 ಎಂಕೆಐ, ತೇಜಸ್ ಯಾವುದೂ ಅದರಲ್ಲಿ ಅಧಿಕೃತವಾಗಿ ಇಲ್ಲ. 2025ರ ಜನವರಿಯಲ್ಲಿ ಅದೇ ಕಂಪನಿ ಎಫ್-35 ಮಾಡುತ್ತೇವೆ ಎಂದು ಪ್ರಕಟಿಸಿದಾಗ ಹಳೆಯ ಆಟಗಾರರಲ್ಲೇ ದೊಡ್ಡ ಚರ್ಚೆಯಾಯಿತು. ಬಹುಪಾಲು ಗುಟ್ಟಾಗಿರುವ ವಿಮಾನವನ್ನು ನಿಜದಂತೆ ಹೇಗೆ ತೋರಿಸುತ್ತೀರಿ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆ ಸರಿಯಾಗಿಯೇ ಇದೆ.

ಎಲ್ಲಕ್ಕಿಂತ ದೊಡ್ಡ ಖಾಲಿ ಜಾಗ ಎಲೆಕ್ಟ್ರಾನಿಕ್ ಯುದ್ಧದ್ದು. ಶತ್ರುವಿನ ರೇಡಾರ್‌ಗೆ ಸುಳ್ಳು ಸಂಕೇತ ಕಳಿಸುವುದು, ರೇಡಿಯೊ ಮುಚ್ಚಿಸುವುದು ಇವತ್ತಿನ ಕಾಳಗದ ಜೀವಾಳ. ಗೇಮಿನಲ್ಲಿ ಜ್ಯಾಮರ್ ಎಂದರೆ ಹೆಚ್ಚುಕಡಿಮೆ ಒಂದು ಸ್ವಿಚ್. ಆನ್ ಮಾಡಿದರೆ ಎದುರಿನವನ ರೇಡಾರ್ ಸ್ವಲ್ಪ ದೂರದವರೆಗೆ ಗೊಂದಲಕ್ಕೆ ಬೀಳುತ್ತದೆ, ಅಷ್ಟೇ. ನಿಜವಾದ ಯುದ್ಧದ ಅರ್ಧ ಭಾಗವನ್ನು ಬಿಟ್ಟು "ಯಾರು ಗೆದ್ದರು" ಎಂದು ಹೇಳಲು ಆಗುತ್ತದಾ? ಆ ಯೂಟ್ಯೂಬ್ ತೀರ್ಪುಗಳನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಕೈಪಿಡಿಗಳ ವಿಷಯದಲ್ಲಿ ಕಾನೂನೂ ಬಿಗಿ. ಎಫ್-16ರ ಕೈಪಿಡಿಗಳನ್ನು ಆನ್‌ಲೈನಿನಲ್ಲಿ ಕೊಂಡು ಅಮೆರಿಕದ ಹೊರಗೆ ತರಿಸಿಕೊಂಡ ಆರೋಪದಲ್ಲಿ ಒಬ್ಬ ರಷ್ಯನ್ ಗೇಮ್ ಡೆವಲಪರ್ ಮೇಲೆ 2019ರಲ್ಲಿ ಅಮೆರಿಕದ ಯೂಟಾದಲ್ಲಿ ಮೊಕದ್ದಮೆಯೇ ನಡೆಯಿತು.

ಮೈಗೆ ಗೊತ್ತಾಗದ್ದು, ಕಣ್ಣಿಗೆ ಕಾಣದ್ದು

ಫೈಟರ್ ಪೈಲಟ್ ಬಿಗಿಯಾಗಿ ತಿರುಗುವಾಗ ಅವನ ತೂಕ ಹಲವು ಪಟ್ಟು ಆಗುತ್ತದೆ. ಇದನ್ನು 'ಜಿ' ಎಂದು ಅಳೆಯುತ್ತಾರೆ. ಹೆಲ್ಮೆಟ್ ಸೇರಿ ತಲೆಯ ತೂಕ 6 ಕಿಲೋ ಎಂದುಕೊಂಡರೆ, 9 ಜಿಯಲ್ಲಿ ಕುತ್ತಿಗೆ ಹೊರಬೇಕಾದದ್ದು 54 ಕಿಲೋ. ಅದೇ ಹೊತ್ತಿಗೆ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ, ಕಣ್ಣು ಮಂಜಾಗುತ್ತದೆ, ಉಸಿರು ಬಿಗಿಹಿಡಿದು ಹೊಟ್ಟೆ, ತೊಡೆ ಬಿಗಿಯದಿದ್ದರೆ ಎಚ್ಚರ ತಪ್ಪುತ್ತದೆ. ಇದನ್ನು ನೆಲದ ಮೇಲೆ ಅಭ್ಯಾಸ ಮಾಡಿಸಲು ಬೆಂಗಳೂರಿನ ವಾಯುಪಡೆಯ ವೈದ್ಯಕೀಯ ಸಂಸ್ಥೆಯಲ್ಲಿ ಮನುಷ್ಯರನ್ನು ಕೂರಿಸಿ ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್ ಇದೆ. ಗೇಮಿನಲ್ಲಿ ಏನಾಗುತ್ತದೆ? ಪರದೆಯ ಅಂಚು ಕಪ್ಪಾಗುತ್ತದೆ, ಉಸಿರಿನ ಸದ್ದು ಕೇಳುತ್ತದೆ. ನೀವು ಕುರ್ಚಿಯಲ್ಲಿ ಕಾಫಿ ಕುಡಿಯುತ್ತ ಹಿಂದಿರುಗಿ ನೋಡಬಹುದು. ನಿಜವಾದ ಪೈಲಟ್‌ಗೆ ಆ ಕ್ಷಣ ತಲೆ ತಿರುಗಿಸುವುದೇ ಒಂದು ಸಾಹಸ.

ಕಣ್ಣಿನ ಸಮಸ್ಯೆಯನ್ನು ಲೆಕ್ಕ ಹಾಕಿಯೇ ನೋಡಬಹುದು. ಎಫ್-16ರ ಉದ್ದ ಸುಮಾರು 15 ಮೀಟರ್. 10 ಕಿಲೋಮೀಟರ್ ದೂರದಲ್ಲಿ ಅದು ಅಡ್ಡಲಾಗಿ ಹೋಗುತ್ತಿದ್ದರೂ ಒಂದು ಡಿಗ್ರಿಯ ಹನ್ನೊಂದು–ಹನ್ನೆರಡನೇ ಒಂದು ಭಾಗದಷ್ಟು ಮಾತ್ರ ಕಾಣುತ್ತದೆ. 1920 ಪಿಕ್ಸೆಲ್ ಅಗಲದ ಮಾನಿಟರ್‌ನಲ್ಲಿ 80 ಡಿಗ್ರಿ ನೋಟ ಇಟ್ಟುಕೊಂಡರೆ ಆ ವಿಮಾನಕ್ಕೆ ಸಿಗುವುದು ಎರಡೇ ಎರಡು ಪಿಕ್ಸೆಲ್. ಒಳ್ಳೆಯ ಕಣ್ಣು ಇದಕ್ಕಿಂತ ಸೂಕ್ಷ್ಮವಾಗಿ ನೋಡಬಲ್ಲದು. ಇದಕ್ಕೆ ಪರಿಹಾರ ಎಂದು ಗೇಮುಗಳು ಜೂಮ್ ಕೊಡುತ್ತವೆ, ದೂರದ ವಿಮಾನವನ್ನು ಬೇಕೆಂದೇ ದಪ್ಪ ಚುಕ್ಕೆ ಮಾಡುತ್ತವೆ. ಒಮ್ಮೆ ಕಾಣುವುದು ಜಾಸ್ತಿ ಆಗುತ್ತದೆ, ಒಮ್ಮೆ ಕಡಿಮೆ. ಸರಿಯಾಗಿ ಕೂತ ಉತ್ತರ ಇನ್ನೂ ಇಲ್ಲ.

ವಿಆರ್ ಕನ್ನಡಕ ಹಾಕಿಕೊಂಡರೆ ಆಳ ಕಾಣುತ್ತದೆ. ಇನ್ನೊಂದು ವಿಮಾನದ ಪಕ್ಕ ಹಾರುವುದು, ನೆಲಕ್ಕೆ ಇಳಿಯುವುದು ಸುಲಭವಾಗುತ್ತದೆ. ಬದಲಿಗೆ ಸಣ್ಣ ಅಕ್ಷರ ಓದಲು ಕಷ್ಟ, ದುಬಾರಿ ಕಂಪ್ಯೂಟರ್ ಬೇಕು, ಕೆಲವರಿಗೆ ವಾಕರಿಕೆ ಬರುತ್ತದೆ. ಘಾಟಿಯಲ್ಲಿ ವಾಂತಿ ಬರುವವರು ಎಚ್ಚರ, ಕಾರಣ ಎರಡಕ್ಕೂ ಸಂಬಂಧ ಇದೆ: ಕಣ್ಣು ಹೇಳುವುದಕ್ಕೂ ಕಿವಿಯೊಳಗಿನ ಸಮತೋಲನ ಹೇಳುವುದಕ್ಕೂ ತಾಳೆಯಾಗುವುದಿಲ್ಲ.

ಎದುರಾಳಿ ಯಾರು?

ಒಬ್ಬರೇ ಆಡುವಾಗ ಶತ್ರು ವಿಮಾನವನ್ನು ಓಡಿಸುವುದು ಕಂಪ್ಯೂಟರ್. ಡಿಸಿಎಸ್‌ನಲ್ಲಿ ಬಹುಕಾಲ ಅಂಥ ವಿಮಾನಗಳು ಆಟಗಾರನ ವಿಮಾನಕ್ಕಿಂತ ಸರಳ ಲೆಕ್ಕದಲ್ಲಿ ಹಾರುತ್ತಿದ್ದವು. ವೇಗ ಕಳೆದುಕೊಳ್ಳಬೇಕಾದಲ್ಲಿ ಕಳೆದುಕೊಳ್ಳುವುದಿಲ್ಲ, ಮೋಡದ ಹಿಂದೆ ಅಡಗಿದರೂ ಕಂಡುಹಿಡಿಯುತ್ತವೆ ಎಂಬ ದೂರುಗಳು ಹಳೆಯವು. ಹೆದರಿಕೆ ಎಂಬುದಂತೂ ಅವಕ್ಕಿಲ್ಲ. ನಿಜವಾದ ಕಾಳಗದಲ್ಲಿ ಪೈಲಟ್‌ಗಳು ಅನುಮಾನ ಬಂದರೆ ತಿರುಗಿ ಮನೆಗೆ ಹೋಗುತ್ತಾರೆ. ಗೇಮಿನಲ್ಲಿ ಸತ್ತರೂ ಮತ್ತೆ ಶುರು ಮಾಡಬಹುದಾದ್ದರಿಂದ ಮನುಷ್ಯ ಆಟಗಾರರೂ ಹಾಗೆ ಹೋಗುವುದಿಲ್ಲ.

2020ರ ಆಗಸ್ಟಿನಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಒಂದು ಸ್ಪರ್ಧೆ ನಡೆಸಿತು. ಸಿಮ್ಯುಲೇಟರ್‌ನಲ್ಲಿ ಹೆರಾನ್ ಸಿಸ್ಟಮ್ಸ್ ಎಂಬ ಕಂಪನಿಯ ಕೃತಕ ಬುದ್ಧಿಮತ್ತೆ, ಅನುಭವಿ ಎಫ್-16 ಪೈಲಟ್ ಒಬ್ಬರನ್ನು 5–0ರಿಂದ ಸೋಲಿಸಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಒಳಗಿನ ವಿವರ ಕಡಿಮೆ ಜನಕ್ಕೆ ಗೊತ್ತು. ಎದುರಿನ ವಿಮಾನ ಎಲ್ಲಿದೆ ಎಂಬುದು ಆ ಪ್ರೋಗ್ರಾಮಿಗೆ ಪ್ರತಿ ಕ್ಷಣವೂ ಕರಾರುವಾಕ್ಕಾಗಿ ಗೊತ್ತಿತ್ತು. ಜೊತೆಗೆ ಅದು ಎದುರಾಎದುರು ನುಗ್ಗಿ ಗುಂಡು ಹಾರಿಸುತ್ತಿತ್ತು. ಡಿಕ್ಕಿಯಾಗುವ ಭಯದಿಂದ ಪೈಲಟ್‌ಗಳ ತರಬೇತಿಯಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಗೆಲುವು ನಿಜ, ಆದರೆ ಅದು ಆ ಸಿಮ್ಯುಲೇಟರ್‌ನ ನಿಯಮಗಳೊಳಗಿನ ಗೆಲುವು. ಅದನ್ನು ತಿಳಿದೇ ಸಂಶೋಧಕರು ಮುಂದೆ ಎಕ್ಸ್-62 ಎಂಬ ನಿಜವಾದ ವಿಮಾನದಲ್ಲಿ ಪ್ರಯೋಗ ಮುಂದುವರಿಸಿದರು.

ಇನ್ನೊಂದು ಕೊರತೆ ಯುದ್ಧದ ಕಥೆಯದು. 1998ರ ಫಾಲ್ಕನ್ 4.0ರಲ್ಲೇ ಕೊರಿಯಾದಲ್ಲಿ ಒಂದು ಇಡೀ ಯುದ್ಧ ತಾನಾಗಿ ನಡೆಯುತ್ತಿತ್ತು. ನೀವು ಸೇತುವೆ ಉರುಳಿಸಿದರೆ ಶತ್ರುವಿನ ಟ್ಯಾಂಕುಗಳು ತಡವಾಗುತ್ತಿದ್ದವು. ನೀವು ಹಾರದೆ ಮಲಗಿದರೂ ಯುದ್ಧ ನಿಲ್ಲುತ್ತಿರಲಿಲ್ಲ. ಡಿಸಿಎಸ್ ಅಂಥದ್ದೊಂದನ್ನು ತರುತ್ತೇವೆ ಎಂದು ವರ್ಷಗಳಿಂದ ಹೇಳುತ್ತ ಬಂದಿದೆ. ಅಲ್ಲಿಯವರೆಗೆ ಅಭಿಮಾನಿಗಳು ಮಾಡಿದ ಉಪಕರಣಗಳೇ ಗತಿ. ಚಿತ್ರ ಚೆಂದ, ಕಾಕ್‌ಪಿಟ್ ಚೆಂದ, ಹಾರುವುದಕ್ಕೊಂದು ಕಾರಣ ಮಾತ್ರ ನೀವೇ ಹುಡುಕಿಕೊಳ್ಳಬೇಕು.

ಅರ್ಧ ಮುಗಿದದ್ದಕ್ಕೆ ಪೂರ್ತಿ ಬೆಲೆ

ಡಿಸಿಎಸ್‌ನ ಒಂದು ಪೂರ್ಣ ವಿಮಾನಕ್ಕೆ ಸುಮಾರು 50ರಿಂದ 80 ಡಾಲರ್. ಬಹುಪಾಲು 'ಅರ್ಲಿ ಆ್ಯಕ್ಸೆಸ್' ಎಂಬ ಹೆಸರಿನಲ್ಲಿ ಮುಗಿಯುವ ಮೊದಲೇ ಮಾರಾಟಕ್ಕೆ ಬರುತ್ತವೆ. ಎಫ್-16 ಬಂದದ್ದು 2019ರಲ್ಲಿ, ಆಮೇಲೆ ವರ್ಷಗಟ್ಟಲೆ ಒಂದೊಂದೇ ಭಾಗ ಸೇರುತ್ತ ಹೋಯಿತು. ಕೆಲವು ವಿಮಾನಗಳನ್ನು ಹೊರಗಿನ ಕಂಪನಿಗಳು ಮಾಡುತ್ತವೆ. 2023ರಲ್ಲಿ ಬಂದ ಎಫ್-15ಇ ಅಂಥದ್ದು. ಮರುವರ್ಷ ಹಣದ ವ್ಯಾಜ್ಯದಿಂದ ಅದರ ಕೆಲಸ ನಿಂತುಹೋಯಿತು. ಕೊಂಡವರು ನಡುವೆ ಸಿಕ್ಕಿಕೊಂಡರು. ಇದು ಸಣ್ಣ ಮಾತಲ್ಲ.

ಮಲೆನಾಡಿನ ಮನೆಯಲ್ಲಿ ಆಡಬೇಕೆಂದರೆ

ಮಕ್ಕಳು ಹಟ ಹಿಡಿದಿದ್ದಾರೆ ಎಂದುಕೊಳ್ಳಿ. ಮೊದಲು ದುಡ್ಡು ಹಾಕಬೇಡಿ. ಡಿಸಿಎಸ್‌ನ ಉಚಿತ ಎರಡು ವಿಮಾನ, ಉಚಿತ ಮ್ಯಾಪು ಸಾಕು. ಅವರದೇ ತಾಣದಿಂದ ಇಳಿಸಿಕೊಂಡರೆ ಬೇರೆ ವಿಮಾನಗಳನ್ನೂ 14 ದಿನ ಪುಕ್ಕಟೆ ಪರೀಕ್ಷೆ ಮಾಡಬಹುದು. ಹಳೆಯ ಕಂಪ್ಯೂಟರ್ ಇದ್ದರೆ ಫಾಲ್ಕನ್ ಬಿಎಂಎಸ್ ಹಗುರ, ಅದಕ್ಕೆ ಮೂಲ ಫಾಲ್ಕನ್ 4.0 ಬೇಕು, ಕಡಿಮೆ ಬೆಲೆಗೆ ಸಿಗುತ್ತದೆ. ಬರೀ ಹಾರಾಟ ಕಲಿಯಲು ಫ್ಲೈಟ್‌ಗಿಯರ್ ಪೂರ್ತಿ ಉಚಿತ. ಜೋಗ, ಶರಾವತಿ ಕಣಿವೆ, ಕೊಡಚಾದ್ರಿಯ ಮೇಲೆ ಹಾರುವ ಆಸೆ ಇದ್ದರೆ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಇಡೀ ಭೂಮಿಯನ್ನು ತೋರಿಸುತ್ತದೆ, ಆದರೆ ಅದರಲ್ಲಿ ಆಯುಧ ಇಲ್ಲ. ಡಿಸಿಎಸ್‌ನಲ್ಲಿ ಕಾಕಸಸ್, ಸಿರಿಯಾ, ಅಫ್ಘಾನಿಸ್ತಾನ ಇವೆ, ಭಾರತದ ಮ್ಯಾಪು ಇಲ್ಲ.

ಮ್ಯಾಪು ಸೇರಿಸುತ್ತ ಹೋದರೆ ನೂರಾರು ಜಿಬಿ ಜಾಗ ಬೇಕು. ಹಳ್ಳಿ ಕಡೆಯ ನೆಟ್‌ನಲ್ಲಿ ಇದು ದಿನಗಟ್ಟಲೆಯ ಕೆಲಸ. ಎಸ್ಎಸ್‌ಡಿ ಎಂಬ ವೇಗದ ಡಿಸ್ಕ್ ಇಲ್ಲದಿದ್ದರೆ ಆಟ ತೆರೆಯುವಷ್ಟರಲ್ಲಿ ಬೇಸರ ಬರುತ್ತದೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಮನೆಯ ಇನ್ವರ್ಟರ್ ದೀಪ, ಫ್ಯಾನಿಗೆ ಸರಿ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್‌ಗೆ ಅದು ಸಾಲದೇ ಹೋಗಬಹುದು. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ಬದಲಾಗುವ ಆ ಒಂದು ಕ್ಷಣಕ್ಕೆ ಕಂಪ್ಯೂಟರ್ ಆಫ್ ಆಗುತ್ತದೆ.

ಜಾಯ್‌ಸ್ಟಿಕ್ ವಿಷಯದಲ್ಲಿ ಸಾದಾ ಒಂದರಿಂದ ಶುರು ಮಾಡಿದರೆ ಸಾಕು. ನಿಜವಾದ ಎಫ್-16ರ ಕಡ್ಡಿ ಹೆಚ್ಚುಕಡಿಮೆ ಅಲ್ಲಾಡುವುದೇ ಇಲ್ಲ, ಕೈ ಎಷ್ಟು ಒತ್ತಿತು ಎಂಬುದನ್ನಷ್ಟೇ ಅಳೆಯುತ್ತದೆ. ಅದನ್ನು ಹೋಲುವ ಸಾಮಾನು ತುಂಬ ದುಬಾರಿ.

"ಇದನ್ನು ಆಡಿದರೆ ಪೈಲಟ್ ಆಗ್ತಾನಾ?" ಎಂದು ತಂದೆತಾಯಿ ಕೇಳುತ್ತಾರೆ. ಆಯ್ಕೆಯಲ್ಲಿ ಗೇಮಿನ ಗಂಟೆಗಳಿಗೆ ಲೆಕ್ಕವಿಲ್ಲ. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ವಾಯುಪಡೆಗೆ ಹೋಗಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲೇಬೇಕು. ರೇಡಾರ್ ಜರಡಿ ಅರ್ಥವಾದ ಹುಡುಗಿಗೋ ಹುಡುಗನಿಗೋ ಆ ವಿಷಯಗಳಲ್ಲಿ ಆಸಕ್ತಿ ಹುಟ್ಟಿದರೆ ಅದೇ ಲಾಭ.

ಮೊಬೈಲಿಗೆ ಬಂದ ವಿಡಿಯೊ ಗೇಮಿನದೇ?

ಸುಳ್ಳು ಯುದ್ಧದ ವಿಡಿಯೊಗಳಲ್ಲಿ ಬಹಳ ಸಲ ಕಾಣಿಸಿಕೊಳ್ಳುವುದು ಆರ್ಮಾ 3 ಎಂಬ ಆಟ. ಅದು ಮುಖ್ಯವಾಗಿ ಕಾಲಾಳು ಸೈನಿಕರ ಆಟ, 2013ರದು. ವಿಮಾನ, ಕ್ಷಿಪಣಿಗಳೂ ಅದರಲ್ಲಿವೆ. ತಯಾರಿಸಿದ ಬೊಹೀಮಿಯಾ ಇಂಟರ್ಯಾಕ್ಟಿವ್ ಕಂಪನಿಯೇ 2022ರ ನವೆಂಬರಿನಲ್ಲಿ ಇಂಥ ವಿಡಿಯೊ ಗುರುತಿಸುವುದು ಹೇಗೆಂದು ಪ್ರಕಟಣೆ ಹೊರಡಿಸಿತು. ಗುರುತುಗಳು ಇವು: ಚಿತ್ರ ತೀರ ಮಸುಕು. ಕ್ಯಾಮೆರಾ ಬೇಕೆಂದೇ ಅಲ್ಲಾಡುತ್ತದೆ. ದೃಶ್ಯ ಕತ್ತಲೆಯದು. ಸದ್ದು ಇಲ್ಲ. ಚಲಿಸುವ ಮನುಷ್ಯರು ಇಲ್ಲವೇ ಇಲ್ಲ. ಹೊಗೆ, ಧೂಳು, ಬೆಂಕಿ ಹರಡುವ ರೀತಿ ಅಸಹಜ. ವಾಹನಗಳ ಗುರುತು, ಬಣ್ಣ ಆ ದೇಶದ್ದಲ್ಲ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಫಾರ್ವರ್ಡ್ ಮಾಡುವ ಕೈ ತಡೆಯಿರಿ.

ಡಿಸಿಎಸ್ ದೃಶ್ಯಗಳು ಇನ್ನೂ ಚೆಂದ ಇರುವುದರಿಂದ ಗುರುತಿಸುವುದು ಕಷ್ಟ. ಅಲ್ಲಿ ಕ್ಯಾಮೆರಾ ಎಲ್ಲಿದೆ ಎಂದು ಕೇಳಿಕೊಳ್ಳಿ. ಎರಡು ಫೈಟರ್‌ಗಳ ಪಕ್ಕದಲ್ಲೇ, ಗಾಳಿಯಲ್ಲಿ, ನಡುಗದೆ ಹಿಂಬಾಲಿಸುವ ಕ್ಯಾಮೆರಾ ನಿಜವಾದ ಕಾಳಗದಲ್ಲಿ ಯಾರ ಕೈಯಲ್ಲಿರುತ್ತದೆ? 2022ರ ಫೆಬ್ರವರಿಯಲ್ಲಿ ಉಕ್ರೇನಿನ ಪೈಲಟ್ ಒಬ್ಬ ರಷ್ಯದ ವಿಮಾನ ಹೊಡೆದ ದೃಶ್ಯ ಎಂದು ಲೋಕವೆಲ್ಲ ಹರಡಿದ ವಿಡಿಯೊ ಡಿಸಿಎಸ್‌ನದು. ಮೂಲದಲ್ಲಿ ಹಾಕಿದವರು ಅದು ಗೇಮಿನದು ಎಂದು ಕೆಳಗೆ ಬರೆದೇ ಇದ್ದರು. ಹಂಚುವವರು ಆ ಸಾಲನ್ನು ಬಿಟ್ಟು ವಿಡಿಯೊ ಮಾತ್ರ ತೆಗೆದುಕೊಂಡರು. ಇಂಥ ಮೂಲ ಹುಡುಕಲು ವಿಡಿಯೊ ನಿಲ್ಲಿಸಿ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ, ಗೂಗಲ್ ಲೆನ್ಸ್‌ಗೆ ಹಾಕಿ. ಹಳೆಯ ತಾರೀಖಿನಲ್ಲಿ ಅದೇ ಚಿತ್ರ ಸಿಕ್ಕಿದರೆ, ಅದರ ಕೆಳಗಿನ ವಿವರಣೆಯನ್ನೂ ಪೂರ್ತಿ ಓದಿ.